ರೇಡಿಯೇಟರ್ ಬದಲಿಸುವ ಮೊದಲು ಗಾಳಿಯ ದಾರಿ ನೋಡಿ

ಹಳೆಯ ಸ್ಪೋರ್ಟ್ಸ್ ಕಾರು ಹೀಟ್ ಆಗುತ್ತಿದೆ ಎಂದು ಗ್ಯಾರೇಜಿಗೆ ಬರುವವರು ಬಹುಪಾಲು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ: ದೊಡ್ಡದೊಂದು ಅಲ್ಯೂಮಿನಿಯಂ ರೇಡಿಯೇಟರ್ ಹಾಕಿಸಿಬಿಡೋಣ. ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಟೆಂಪರೇಚರ್ ಮೀಟರಿನ ಮುಳ್ಳು ಏರುವುದು ಸಿಗ್ನಲ್‌ನಲ್ಲಿ ನಿಂತಾಗಲೋ, ಹೈವೇಯಲ್ಲಿ ಓಡುವಾಗಲೋ? ನಿಂತಾಗ ಏರಿ, ಓಡತೊಡಗಿದ ಮೇಲೆ ಇಳಿದರೆ ಅನುಮಾನ ಫ್ಯಾನ್ ಮೇಲೆ. ಓಡುವಾಗಲೇ ಏರಿದರೆ ರೇಡಿಯೇಟರಿನ ಕೋರ್ (ನೀರು ಹರಿಯುವ ಕೊಳವೆ, ತೆಳು ತಗಡಿನ ಫಿನ್‌ಗಳ ಜಾಲ) ಕಟ್ಟಿಕೊಂಡಿರಬಹುದು, ನೀರಿನ ಹರಿವು ತಗ್ಗಿರಬಹುದು, ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ತಪ್ಪಿರಬಹುದು. ಇಲ್ಲವೇ, ಮುಂದಿನಿಂದ ನುಗ್ಗಿದ ಗಾಳಿ ರೇಡಿಯೇಟರಿನೊಳಗೆ ಹೋಗದೆ ಪಕ್ಕದಿಂದ ಜಾರಿಕೊಳ್ಳುತ್ತಿರಬಹುದು. ಈ ಕೊನೆಯದನ್ನು ಯಾರೂ ನೋಡುವುದಿಲ್ಲ.

1961ರಲ್ಲಿ ಜಿನೀವಾದಲ್ಲಿ ಲೋಕಕ್ಕೆ ಪರಿಚಯವಾದ ಜಾಗ್ವಾರ್ ಇ-ಟೈಪ್ ತೆಗೆದುಕೊಳ್ಳಿ. ಉದ್ದನೆಯ ಬಾನೆಟ್ಟಿನ ಕೆಳಗೆ 3.8 ಲೀಟರಿನ ಆರು ಸಿಲಿಂಡರ್ ಇಂಜಿನ್. ಅಷ್ಟಕ್ಕೂ ಗಾಳಿ ಬರಬೇಕಾದದ್ದು ಮೂತಿಯಲ್ಲಿರುವ ಪುಟ್ಟ ಅಂಡಾಕಾರದ ಬಾಯಿಯಿಂದ. 1968ರಲ್ಲಿ ಎರಡನೇ ಸರಣಿ ತಂದಾಗ ಜಾಗ್ವಾರ್ ಆ ಬಾಯಿಯನ್ನು ಹಿಗ್ಗಿಸಿತು, ಎಲೆಕ್ಟ್ರಿಕ್ ಫ್ಯಾನ್ ಎರಡಾದವು. ಮೊದಲ ಸರಣಿಯ ಚೆಲುವನ್ನು ಕೆಡಿಸಲು ಯಾರಿಗೂ ಮನಸ್ಸು ಬರದು, ನನಗಂತೂ ಬಾರದು. ಹಾಗಾಗಿ ಒಳಗೆ ಬಂದ ಗಾಳಿಯಲ್ಲಿ ಒಂದಿಷ್ಟೂ ಪೋಲಾಗದಂತೆ ನೋಡಿಕೊಳ್ಳುವುದೇ ನಮಗುಳಿದ ದಾರಿ.

ಬದುವಿನಲ್ಲಿ ಇಲಿಬಿಲವಿದ್ದರೆ ನೀರು ಗದ್ದೆಯ ಕೊನೆ ಮುಟ್ಟುವುದಿಲ್ಲ. ಗಾಳಿಯದ್ದೂ ಅದೇ ಬುದ್ಧಿ. ಒತ್ತೊತ್ತಾದ ಫಿನ್‌ಗಳ ನಡುವೆ ತೂರುವುದಕ್ಕಿಂತ ಅಂಚಿನ ಬೆರಳಗಲದ ಸಂದಿ ಅದಕ್ಕೆ ಸುಲಭ. ಹಳೆಯ ಕಾರುಗಳಲ್ಲಿ ರೇಡಿಯೇಟರ್ ಸುತ್ತ ಇದ್ದ ರಬ್ಬರ್ ಪಟ್ಟಿಗಳು ಒಣಗಿ ಉದುರಿರುತ್ತವೆ. ಪೇಂಟ್ ಮಾಡಿಸುವಾಗ ಬಿಚ್ಚಿದ್ದು ಮತ್ತೆ ಕೂತಿರುವುದಿಲ್ಲ. ಇದನ್ನು ಪತ್ತೆ ಮಾಡಲು ಒಂದು ಊದುಬತ್ತಿ ಸಾಕು. ಪೆಟ್ರೋಲ್ ಸೋರಿಕೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಇಂಜಿನ್ ಆರಿಸಿ, ಫ್ಯಾನಿಗೆ ಮಾತ್ರ ನೇರ ಕರೆಂಟ್ ಕೊಟ್ಟು, ರೇಡಿಯೇಟರಿನ ಮುಂದೆ ಬತ್ತಿಯನ್ನು ನಿಧಾನ ಆಡಿಸಿ. ಫ್ಯಾನಿನ ಎದುರು ಹೊಗೆ ನೇರವಾಗಿ ಒಳಗೆ ಹೋಗುತ್ತದೆ. ಮೂಲೆಗೆ ತಂದಾಗ ಸುಮ್ಮನೆ ಮೇಲೇಳತೊಡಗಿದರೆ ಆ ಭಾಗದ ಕೋರ್ ದಂಡಕ್ಕಿದೆ ಎಂದರ್ಥ. ಅಂಚಿನ ಸಂದಿಯಿಂದ ಹೊಗೆ ವಾಪಸು ಮುಂದಕ್ಕೆ ಬರುತ್ತಿದ್ದರೆ ಇನ್ನೂ ಕೆಟ್ಟದ್ದು: ಇಂಜಿನ್ನಿನ ಬಿಸಿ ಗಾಳಿಯೇ ಸುತ್ತಿ ಬಂದು ಮತ್ತೆ ರೇಡಿಯೇಟರ್ ಸೇರುತ್ತಿದೆ. ಶಾಖ ತಡೆಯುವ ಫೋಮ್ ಪಟ್ಟಿ, ಅಲ್ಯೂಮಿನಿಯಂ ತಗಡು, ನಾಲ್ಕು ರಿವೆಟ್ ಇದ್ದರೆ ಎರಡೂ ನಿಲ್ಲುತ್ತವೆ.

ಮೂಲೆಗಳ ಕೋರ್ ದಂಡಕ್ಕಿರಲು ಇನ್ನೊಂದು ಕಾರಣ ಶ್ರೌಡ್ (ಫ್ಯಾನಿನಿಂದ ಕೋರಿನ ಅಂಚಿನವರೆಗೆ ಮುಚ್ಚುವ ಕವಚ) ಇಲ್ಲದ ಫ್ಯಾನ್. ದುಂಡನೆಯ ಫ್ಯಾನ್ ಚೌಕದ ಕೋರಿನ ನಡುಭಾಗದಿಂದಷ್ಟೇ ಗಾಳಿ ಎಳೆಯುತ್ತದೆ. ಶ್ರೌಡ್ ಇದ್ದರೆ ಇಡೀ ಕೋರ್ ದುಡಿಯುತ್ತದೆ. ಜಾಗವಿದ್ದರೆ ಫ್ಯಾನ್ ರೇಡಿಯೇಟರಿನ ಹಿಂದೆಯೇ ಇರಲಿ. ಮುಂದೆ ಕೂರಿಸಿದ ಫ್ಯಾನ್ ಹೈವೇಯಲ್ಲಿ ಬರುವ ಗಾಳಿಗೇ ಅಡ್ಡ ನಿಲ್ಲುತ್ತದೆ.

ಫ್ಯಾನ್ ತಿರುಗುತ್ತಿದೆ ಎಂದಾಕ್ಷಣ ಅದು ಸರಿಯಿದೆ ಎಂದುಕೊಳ್ಳಬೇಡಿ. 3.8 ಇ-ಟೈಪ್‌ನಲ್ಲಿ ಪಾಸಿಟಿವ್ ಅರ್ಥಿಂಗ್ ಇತ್ತು, ಅಂದರೆ ಬ್ಯಾಟರಿಯ ಪ್ಲಸ್ ತುದಿ ಕಾರಿನ ಬಾಡಿಗೆ ಸೇರಿತ್ತು. ಈಗ ಸಿಗುವ ಫ್ಯಾನ್‌ಗಳಿಗೆ ವೈರ್ ಅದಲುಬದಲಾದರೆ ಅವು ಹಿಂದುಮುಂದಾಗಿ ತಿರುಗಿ, ಬರುವ ಗಾಳಿಯನ್ನೇ ಹೊರಕ್ಕೆ ನೂಕುತ್ತವೆ. ಗ್ರಿಲ್ ಎದುರು ಹಿಡಿದ ಕಾಗದ ಒಳಕ್ಕೆ ಅಂಟಿಕೊಳ್ಳಬೇಕು. ಆಮೇಲೆ ಮಲ್ಟಿಮೀಟರನ್ನು ಫ್ಯಾನಿನ ತುದಿಯಲ್ಲೇ ಇಟ್ಟು ನೋಡಿ. ಬ್ಯಾಟರಿಯಲ್ಲಿ 12.5 ವೋಲ್ಟ್ ಇದ್ದು ಫ್ಯಾನಿಗೆ ತಲುಪುತ್ತಿರುವುದು 10.5 ಆದರೆ ಫ್ಯಾನ್ ನಿಧಾನವಾಗುತ್ತದೆ, ವೇಗ ಕುಗ್ಗಿದಷ್ಟು ಗಾಳಿಯೂ ಕುಗ್ಗುತ್ತದೆ. ದಪ್ಪ ವೈರು, ಒಂದು ರಿಲೇ, ಉಜ್ಜಿ ಸ್ವಚ್ಛ ಮಾಡಿದ ಅರ್ಥ್ ಪಾಯಿಂಟ್: ಹೊಸ ಫ್ಯಾನಿನ ದುಡ್ಡು ಎಷ್ಟೋ ಸಲ ಇಲ್ಲೇ ಉಳಿಯುತ್ತದೆ. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಕಾಲದ ಡೈನಮೋ ಇರುವ ಕಾರುಗಳಲ್ಲಿ ಐಡಲಿಂಗ್‌ನಲ್ಲಿ ಚಾರ್ಜಿಂಗ್ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ದೊಡ್ಡ ಫ್ಯಾನ್ ಹಾಕುವ ಮುನ್ನ ಇದು ನೆನಪಿರಲಿ.

ಒಳಬಂದ ಗಾಳಿ ಹೊರಗೂ ಹೋಗಬೇಕು. ಇ-ಟೈಪ್ ಬಾನೆಟ್ ಮೇಲಿನ ಸೀಳುಗಳು ಇರುವುದು ಅದಕ್ಕೇ. ಬಾನೆಟ್ಟಿನ ಹಿಂಭಾಗವನ್ನು ವಾಷರ್ ಕೊಟ್ಟು ಎತ್ತುವ ಚಾಳಿ ಕೆಲವರಿಗಿದೆ, ದಯವಿಟ್ಟು ಬೇಡ. ಓಡುವಾಗ ವಿಂಡ್‌ಶೀಲ್ಡ್ ಬುಡದಲ್ಲಿ ಗಾಳಿಯ ಒತ್ತಡ ಹೆಚ್ಚು. ಬಿಸಿ ಹೊರಹೋಗುವ ಬದಲು ಗಾಳಿ ಅಲ್ಲಿಂದ ಒಳನುಗ್ಗಬಹುದು. ಕಾರಿನ ಕೆಳಗಿನಿಂದ ಹೊರಹೋಗುವ ದಾರಿಗೆ ಅಡ್ಡವಾಗಿ ಏನನ್ನೂ ಕಟ್ಟದಿದ್ದರೆ ಅದೇ ದೊಡ್ಡ ಉಪಕಾರ.

ಇಷ್ಟಾದ ಮೇಲೂ ಮುಳ್ಳು ಇಳಿಯದಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ರೇಡಿಯೇಟರಿಗೆ ನೀರು ಬರುವ ಕಡೆ, ಹೋಗುವ ಕಡೆ ಎರಡೂ ಅಳೆಯಿರಿ. ಎರಡೂ ಹೆಚ್ಚುಕಡಿಮೆ ಒಂದೇ ಇದ್ದರೆ ಗಾಳಿ ಇನ್ನೂ ಸಾಲದು. ಹೊರಹೋಗುವ ನೀರು ಚೆನ್ನಾಗಿ ತಣ್ಣಗಿದ್ದೂ ಇಂಜಿನ್ ಕಾಯುತ್ತಿದ್ದರೆ ನೀರೇ ಸರಿಯಾಗಿ ಹರಿಯುತ್ತಿಲ್ಲ: ಪಂಪ್, ಥರ್ಮೋಸ್ಟಾಟ್, ಬ್ಲಾಕಿನ ಹಿಂಬದಿಯಲ್ಲಿ ಕೂತ ತುಕ್ಕಿನ ಕೆಸರು ನೋಡಬೇಕು.

ಬೆಂಗಳೂರಿನವರಿಗೆ ಇನ್ನೊಂದು ಮಾತು. ನಾವು 900 ಮೀಟರಿಗೂ ಎತ್ತರದಲ್ಲಿದ್ದೇವೆ. ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ 8ರಷ್ಟು ತೆಳು. 7 ಪಿಎಸ್‌ಐ ಒತ್ತಡ ತಡೆಯುವ ರೇಡಿಯೇಟರ್ ಮುಚ್ಚಳ ಹಾಕಿದ ಬರೀ ನೀರು ಮಂಗಳೂರಿನಲ್ಲಿ 111 ಡಿಗ್ರಿ ಆಸುಪಾಸಿನಲ್ಲಿ ಕುದಿದರೆ ಇಲ್ಲಿ 109ಕ್ಕೇ ಕುದಿಯುತ್ತದೆ. ಅದಕ್ಕೆಂದು ಹೆಚ್ಚು ಒತ್ತಡದ ಮುಚ್ಚಳ ಹಾಕಬೇಡಿ, ಹಳೆಯ ಬೆಸುಗೆ ಬಿಟ್ಟುಕೊಳ್ಳುತ್ತದೆ. ಕಾರಿನ ಕೈಪಿಡಿ ಹೇಳಿದ ಒತ್ತಡದ ಹೊಸ ಮುಚ್ಚಳವನ್ನೇ ಹಾಕಿ.