ಬಹಿಷ್ಕಾರ: ಹಾಕುವುದು ಬೇರೆ, ಮಾಡುವುದು ಬೇರೆ

ಕಲಬುರಗಿಯ ಸಾಹಿತ್ಯ ಸಂಕಿರಣವೊಂದರಲ್ಲಿ ಇತ್ತೀಚೆಗೆ ಪ್ರಬಂಧ ಮಂಡಿಸಿದವರು ನವ್ಯ ಕಾದಂಬರಿಯ ನಾಯಕನನ್ನು ‘ಸಮಾಜದಿಂದ ಬಹಿಷ್ಕೃತನಾದವನು’ ಎಂದು ಮತ್ತೆ ಮತ್ತೆ ಕರೆದರು. ವಾಟ್ಸ್‌ಆ್ಯಪ್ ಗುಂಪಿನಿಂದ ತೆಗೆದುಹಾಕಿದ್ದಕ್ಕೂ ‘ನನಗೆ ಬಹಿಷ್ಕಾರ ಹಾಕಿದರು’ ಎನ್ನುವವರಿದ್ದಾರೆ. ಇವೆರಡನ್ನೂ ಸಹಿಸಬಹುದು. ಸಹಿಸಲಾಗದ್ದು ಮೂರನೆಯ ಬಳಕೆ. ಊರಿನ ಒಂದು ಕೇರಿಗೆ ದಿನಸಿ ಮಾರಬಾರದೆಂದು ಕಟ್ಟೆಯ ಮೇಲೆ ತೀರ್ಮಾನವಾದರೆ, ಅದನ್ನು ಸಮರ್ಥಿಸುವವರು ‘ಬಹಿಷ್ಕಾರ ಪ್ರಜಾಪ್ರಭುತ್ವದ ಅಸ್ತ್ರ, ಮಾರುವುದು ಬಿಡುವುದು ಅಂಗಡಿಯವನ ಇಷ್ಟ’ ಎನ್ನುತ್ತಾರೆ. ಈ ಮಾತನ್ನು ಓದಿದವರೂ ಆಡುತ್ತಿರುವುದರಿಂದ ಪದವನ್ನು ಬಿಡಿಸಿ ನೋಡುವುದು ಅಗತ್ಯ.

ಬಹಿಃ ಎಂದರೆ ಹೊರಗೆ. ಬಹಿರಂಗ, ಬಹಿರ್ಮುಖ, ಬಹಿರ್ದೆಸೆಗಳಲ್ಲಿ ಇರುವುದೂ ಅದೇ. ‘ಕಾರ’ ಸೇರಿದಾಗ ವಿಸರ್ಗ ಷಕಾರವಾಗಿ ಬಹಿಷ್ಕಾರ ಆಗುತ್ತದೆ; ಆವಿಷ್ಕಾರವೂ ಇದೇ ಸಂಧಿಯಿಂದ ಬಂದದ್ದು. ಆವಿಷ್ಕಾರ ಕಾಣದ್ದನ್ನು ಬೆಳಕಿಗೆ ತರುತ್ತದೆ, ಬಹಿಷ್ಕಾರ ಕಣ್ಣೆದುರು ಇರುವವರನ್ನು ಇಲ್ಲವೆನಿಸುತ್ತದೆ. ಹಳೆಯ ಬಳಕೆಯಲ್ಲಿ ಇದು ಜಾತಿಯಿಂದ, ಪಂಕ್ತಿಯಿಂದ, ಮಠದಿಂದ ಹೊರಗಿಡುವುದಕ್ಕೇ ಮೀಸಲು. ಬದುಕಿರುವವರ ಹೆಸರಿನಲ್ಲಿ ಘಟಶ್ರಾದ್ಧ ಮಾಡಿ ಮುಗಿಸುತ್ತಿದ್ದದ್ದು ಇದರ ಕಡೆಯ ಹಂತ.

ಎರಡನೆಯ ಅರ್ಥ ಬಂದದ್ದು ಈಚೆಗೆ, ‘ಬಾಯ್ಕಾಟ್’ನ ಬೆನ್ನೇರಿ. 1905ರ ಸ್ವದೇಶಿ ಚಳವಳಿಯ ಹೊತ್ತಿಗೆ ತಿಲಕರು ಸ್ವರಾಜ್ಯ, ಸ್ವದೇಶಿ, ರಾಷ್ಟ್ರೀಯ ಶಿಕ್ಷಣಗಳ ಜೊತೆಗೆ ಬಹಿಷ್ಕಾರವನ್ನೂ ಸೇರಿಸಿ ನಾಲ್ಕು ಅಂಶಗಳ ಕಾರ್ಯಕ್ರಮ ಮುಂದಿಟ್ಟರು. ವಿದೇಶಿ ಬಟ್ಟೆಯ ಬಹಿಷ್ಕಾರ, ಮುಂದೆ ಮತದಾನದ ಬಹಿಷ್ಕಾರ, ಸಭೆಯ ಬಹಿಷ್ಕಾರ ಎಲ್ಲವೂ ಈ ಸಾಲಿನವು. ಹೀಗೆ ಜಾತಿಯ ಶಿಕ್ಷೆಗೆ ಇದ್ದ ಹೆಸರೇ ಪ್ರತಿಭಟನೆಗೂ ಬಂತು. ಗೊಂದಲದ ಬೇರು ಇಲ್ಲಿದೆ.

ಆದರೂ ಕನ್ನಡದ ನುಡಿಗಟ್ಟು ಎರಡನ್ನೂ ಬೇರೆಯಾಗಿಯೇ ಇಟ್ಟುಕೊಂಡಿದೆ. ಗ್ರಾಮಸ್ಥರು ಚುನಾವಣೆ‘ಯನ್ನು’ ಬಹಿಷ್ಕರಿಸುತ್ತಾರೆ ಅಥವಾ ಚುನಾವಣೆ ಬಹಿಷ್ಕಾರ ಮಾಡುತ್ತಾರೆ. ಕುಟುಂಬ‘ಕ್ಕೆ’ ಮಾತ್ರ ಬಹಿಷ್ಕಾರ ಹಾಕುತ್ತಾರೆ. ದಂಡ ಹಾಕುವ, ಬೀಗ ಹಾಕುವ ‘ಹಾಕು’ ಇದು. ಬಹಿಷ್ಕರಿಸುವವನು ತಾನೇ ಹೊರಗೆ ನಿಂತು ತನ್ನ ಮತವನ್ನೋ ಹಣವನ್ನೋ ತಡೆಹಿಡಿಯುತ್ತಾನೆ, ನಷ್ಟದ ಪಾಲನ್ನೂ ಹೊರುತ್ತಾನೆ. ಬಹಿಷ್ಕಾರ ಹಾಕುವವನು ಒಳಗೇ ಕುಳಿತು ಇನ್ನೊಬ್ಬನನ್ನು ಹೊರಗೆ ನಿಲ್ಲಿಸುತ್ತಾನೆ. ಅಷ್ಟೇ ಅಲ್ಲ, ಮೂರನೆಯವನಿಗೂ ಅಪ್ಪಣೆ ಮಾಡುತ್ತಾನೆ: ಅವರೊಡನೆ ಮಾತನಾಡಿದರೆ ನಿನಗೂ ದಂಡ. ಆ ದಂಡಕ್ಕೆ ಹೆದರಿ ಬಾಗಿಲು ಮುಚ್ಚಿದ ಅಂಗಡಿಯವನಿಗೆ ಅಲ್ಲಿ ‘ಇಷ್ಟ’ವೆಂಬುದು ಉಳಿದೇ ಇಲ್ಲ.

‘ಬಾಯ್ಕಾಟ್’ ಎಂಬ ಹೆಸರಿಗೆ ಕಾರಣನಾದ ಮನುಷ್ಯನ ಕಥೆಯೂ ಇಲ್ಲಿ ಉಪಯುಕ್ತ. ಚಾರ್ಲ್ಸ್ ಬಾಯ್ಕಾಟ್ 1880ರಲ್ಲಿ ಐರ್ಲೆಂಡಿನ ಮೇಯೊ ಕೌಂಟಿಯಲ್ಲಿ ಜಮೀನ್ದಾರನೊಬ್ಬನ ಕಾರಭಾರಿ. ಬೆಳೆ ಕೈಕೊಟ್ಟ ಕಾಲದಲ್ಲಿ ಗೇಣಿ ಇಳಿಸಿ ಎಂದ ರೈತರನ್ನು ಒಕ್ಕಲೆಬ್ಬಿಸಲು ಹೊರಟ. ಆಳುಗಳು ಕೆಲಸ ಬಿಟ್ಟರು, ಅಂಗಡಿಯವರು ಸಾಮಾನು ಕೊಡಲಿಲ್ಲ. ಮೇಲ್ನೋಟಕ್ಕೆ ನಮ್ಮೂರಿನ ಬಹಿಷ್ಕಾರದಂತೆಯೇ ಇದೆ. ಆದರೆ ಅವನ ಬೆಳೆ ಕೊಯ್ಯಲು ಅಲ್‌ಸ್ಟರ್‌ನಿಂದ ಸುಮಾರು 50 ಆಳುಗಳು ಬಂದರು, ಅವರ ಕಾವಲಿಗೆ ಸೈನ್ಯ ಬಂತು. ಅದೇ ವರ್ಷ ಡಿಸೆಂಬರಿನಲ್ಲಿ ಅವನು ಐರ್ಲೆಂಡ್ ಬಿಟ್ಟು ಹೋದ. ಸರ್ಕಾರವೇ ಬೆನ್ನಿಗಿದ್ದವನ ಮೇಲೆ ಗೇಣಿದಾರರು ಹೂಡಿದ ಅಸಹಕಾರ ಅದು. ಗೇಣಿದಾರರ ಮೇಲೆ ಜಮೀನ್ದಾರ ಅದನ್ನೇ ಹೂಡಿದರೆ ಹೆಸರು ಒಂದೇ ಇರಬಹುದು, ಕೃತ್ಯ ಒಂದೇ ಅಲ್ಲ.

ನಮ್ಮ ಕಡೆಗೆ ಬರೋಣ. 2024ರಲ್ಲಿ ಯಾದಗಿರಿ ಜಿಲ್ಲೆಯ ಗ್ರಾಮವೊಂದರಲ್ಲಿ, ಬಾಲಕಿಯ ಮೇಲಿನ ದೌರ್ಜನ್ಯದ ದೂರನ್ನು ಹಿಂಪಡೆಯಲಿಲ್ಲವೆಂದು ದಲಿತ ಕುಟುಂಬಗಳಿಗೆ ಬಹಿಷ್ಕಾರ ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಮಕ್ಕಳಿಗೆ ಪೆನ್ನು, ನೋಟ್‌ಬುಕ್ ಸಹ ಮಾರಬಾರದೆಂಬ ಕಟ್ಟಪ್ಪಣೆಯಾಗಿತ್ತು ಎಂದು ವರದಿಗಳು ಹೇಳಿದವು. ಇಂಥ ಕಡೆ ಗಿರಣಿಯವನು ಜೋಳ ಬೀಸಿಕೊಡದಿದ್ದರೆ ಏನಾಗುತ್ತದೆ ಎಂದು ರೊಟ್ಟಿ ತಿನ್ನುವ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ಮನೆಯಲ್ಲಿ ಜೋಳದ ಚೀಲ ತುಂಬಿರುತ್ತದೆ, ತಟ್ಟಲು ಹಿಟ್ಟಿರುವುದಿಲ್ಲ. ತೊಗರಿ ರಾಶಿಯ ಕಾಲದಲ್ಲಿ ಕೂಲಿಗೆ ಕರೆಯುವುದಿಲ್ಲ. ಟಂಟಂನವನು ನಿಲ್ಲಿಸದೆ ಹೋಗುತ್ತಾನೆ. ಒಂದೊಂದಾಗಿ ನೋಡಿದರೆ ಯಾವುದರಲ್ಲೂ ಏಟಿನ ಗಾಯವಿಲ್ಲ, ಠಾಣೆಯಲ್ಲಿ ತೋರಿಸಲು ರಕ್ತವಿಲ್ಲ.

ಇದನ್ನು ಬಹಳ ಹಿಂದೆಯೇ ಗುರುತಿಸಿದ್ದಾರೆ. ಶೋಷಿತ ವರ್ಗಗಳ ಸ್ಥಿತಿಗತಿ ಅರಿಯಲು ಬಾಂಬೆ ಸರ್ಕಾರ 1928ರಲ್ಲಿ ನೇಮಿಸಿದ ಸಮಿತಿಯಲ್ಲಿ ಅಂಬೇಡ್ಕರ್ ಸದಸ್ಯರಾಗಿದ್ದರು. ಸಾಮಾಜಿಕ ಬಹಿಷ್ಕಾರದ ಮುಂದೆ ಬಹಿರಂಗ ಹಿಂಸೆಯೂ ಸಪ್ಪೆ, ಕಾನೂನುಬದ್ಧ ನಡವಳಿಕೆಯಂತೆ ತೋರುವುದರಿಂದಲೇ ಅದು ಹೆಚ್ಚು ಅಪಾಯಕಾರಿ ಎಂದು ಆ ಸಮಿತಿ ಹೇಳಿತು. ‘ಅಂಗಡಿಯವನ ಇಷ್ಟ’ ಎಂಬ ವಾದಕ್ಕೆ ಉತ್ತರ ಆಗಲೇ ಸಿಕ್ಕಿತ್ತು. 1924ರಲ್ಲಿ ಅಂಬೇಡ್ಕರ್ ಕಟ್ಟಿದ ಸಂಸ್ಥೆ ಬಹಿಷ್ಕೃತ ಹಿತಕಾರಿಣಿ ಸಭಾ, 1927ರ ಪತ್ರಿಕೆ ಬಹಿಷ್ಕೃತ ಭಾರತ. ಎರಡರಲ್ಲೂ ‘ಬಹಿಷ್ಕೃತ’ ಒಬ್ಬನ ಮನಃಸ್ಥಿತಿಯ ಹೆಸರಲ್ಲ, ಇಡೀ ಸಮುದಾಯಕ್ಕೆ ಮಾಡಿದ್ದರ ಹೆಸರು.

ಆದ್ದರಿಂದ ನವ್ಯ ನಾಯಕನಿಗೆ ಈ ಪದ ಹೊಂದುವುದಿಲ್ಲ. ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಬೇಸರಪಡುವವನಿಗೆ ಏಕಾಕಿತನ, ಪರಕೀಯತೆ, ಅನಾಥಪ್ರಜ್ಞೆ ಎಂದು ವಿಮರ್ಶೆಯಲ್ಲೇ ಬೇಕಾದಷ್ಟು ಮಾತುಗಳಿವೆ. ಅವನ ನೋವು ಸುಳ್ಳಲ್ಲ. ಆದರೆ ಕೆಳಗಿಳಿದು ಹೋದರೆ ಹೋಟೆಲಿನವನು ಚಹಾ ಕೊಡುತ್ತಾನೆ. ಗಡಿಪಾರೂ ಬೇರೆ: ಅದು ಅಧಿಕಾರಿ ಲಿಖಿತವಾಗಿ ಹೊರಡಿಸುವ ಆದೇಶ, ಆದೇಶವಾದವನು ಪ್ರದೇಶ ಬಿಟ್ಟು ಹೋಗಬೇಕು. ಬಹಿಷ್ಕಾರಕ್ಕೆ ಕಾಗದವಿಲ್ಲ, ಸಹಿಯಿಲ್ಲ. ಬಹಿಷ್ಕೃತರು ಅದೇ ಊರಿನಲ್ಲಿ, ಅದೇ ಮುಖಗಳ ನಡುವೆ ಇರಬೇಕು.

ಕಾನೂನಿಗೆ ಈ ವ್ಯತ್ಯಾಸ ಗೊತ್ತಿದೆ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955 ಬಹಿಷ್ಕಾರವನ್ನು ವಿವರಿಸುವಾಗ ಮನೆ, ಜಮೀನು, ಕೂಲಿ, ವ್ಯವಹಾರ ನಿರಾಕರಿಸುವುದನ್ನು ಹೆಸರಿಸುತ್ತದೆ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದಷ್ಟೇ ಅಲ್ಲ, ಹಾಕುತ್ತೇವೆಂದು ಬೆದರಿಸುವುದೂ ಅಪರಾಧ. ಬೀದರ್‌ನ ಗಡಿಗೆ ಹೊಂದಿದ ಮಹಾರಾಷ್ಟ್ರ 2016ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾಯ್ದೆ ರೂಪಿಸಿತು.

ವರದಿ ಬರೆಯುವವರಿಗೆ ಒಂದು ಮಾತು. ‘ಕುಟುಂಬಗಳು ಬಹಿಷ್ಕಾರಕ್ಕೆ ಒಳಗಾಗಿವೆ’ ಎಂಬ ವಾಕ್ಯದಲ್ಲಿ ಮಾಡಿದವರೇ ಇಲ್ಲ. ಮಳೆಗೋ ಬರಕ್ಕೋ ಒಳಗಾದಂತೆ ಕೇಳಿಸುತ್ತದೆ. ಯಾರು ಹಾಕಿದರು, ಯಾವ ಅಂಗಡಿ, ಯಾವ ಗಿರಣಿ, ಮಾತನಾಡಿದವರಿಗೆ ಎಷ್ಟು ದಂಡ ಎಂದು ಬರೆಯಿರಿ.