ಪ್ರಾರ್ಥನೆ ಮಾಡಿ, ಆದರೆ ಮೊದಲು ಅಲ್ಲಿಂದ ಎದ್ದು ಬನ್ನಿ

ನನ್ನ ಹತ್ತಿರ ಮಾತಾಡಲು ಬರುವವರು ಹೇಳುವ ಒಂದು ಮಾತನ್ನು ಕೇಳಿ ಕೇಳಿ ಈಗೀಗ ನನ್ನ ತಾಳ್ಮೆ ಕಡಿಮೆಯಾಗುತ್ತಿದೆ. "ಪಾಸ್ಟ್ರೇ, ಪ್ರಾರ್ಥನೆ ಮಾಡಿದೆ, ಬೈಬಲ್ ವಚನ ಹೇಳಿದೆ, ಆದರೂ ಪಾಪದಲ್ಲಿ ಬಿದ್ದುಬಿಟ್ಟೆ." ಎಲ್ಲಿ ಕೂತು ಪ್ರಾರ್ಥನೆ ಮಾಡಿದಿರಿ ಅಂತ ಕೇಳಿದರೆ ಉತ್ತರ ಬರುವುದು ತಡವಾಗಿ. ಬಾರ್‌ನ ಟೇಬಲಿನಲ್ಲಿ. ರಾತ್ರಿ ಒಂದು ಗಂಟೆಗೆ, ಕೋಣೆಯ ಬಾಗಿಲು ಹಾಕಿಕೊಂಡು, ಕೈಯಲ್ಲಿ ಮೊಬೈಲ್ ಹಿಡಿದು. ಆಫೀಸಿನವರೆಲ್ಲ ಹೋದ ಮೇಲೆ, ಯಾರ ಜೊತೆ ಒಂಟಿಯಾಗಿ ಇರಬಾರದು ಅಂತ ತನಗೇ ಚೆನ್ನಾಗಿ ಗೊತ್ತೋ ಅವರ ಎದುರು.

ಅಲ್ಲೇ ಕೂತು ಬಲ ಕೇಳುವುದು ನಂಬಿಕೆ, ಎದ್ದು ಬಂದರೆ ಅದು ಹೇಡಿತನ ಎಂದು ಇವರು ನಂಬಿದ್ದಾರೆ. ನಿಜವಾಗಿಯೂ ನಂಬಿದ್ದಾರೆ, ಅದೇ ನನ್ನ ಸಂಕಟ. ಇವರು ಕೆಟ್ಟವರಲ್ಲ, ಕಪಟಿಗಳೂ ಅಲ್ಲ. ಬೈಬಲ್ ಓದುವವರು, ಭಾನುವಾರ ತಪ್ಪಿಸದವರು.

ಶೋಧನೆ, ಅಂದರೆ ಪಾಪಕ್ಕೆ ಎಳೆಯುವ ಸೆಳೆತ, ಬರುವುದೇ ಪಾಪವಲ್ಲ, ಯೇಸುವಿಗೂ ಶೋಧನೆ ಬಂದಿತ್ತು. ಇದು ಸಂಡೇ ಸ್ಕೂಲಿನಲ್ಲೇ ಎಲ್ಲರೂ ಕಲಿತದ್ದು, ಅದನ್ನು ಬಿಟ್ಟು ಮುಂದೆ ಹೋಗೋಣ. ನಾನು ಹೇಳಬೇಕಾದದ್ದು ಒಂದೇ ವಚನದ ಬಗ್ಗೆ. ಒಂದನೇ ಕೊರಿಂಥ 10:13.

ಈ ವಚನದ ಮೊದಲ ಅರ್ಧ ಎಲ್ಲರಿಗೂ ಬಾಯಿಪಾಠ. ದೇವರು ನಂಬಿಗಸ್ತನು, ನಮ್ಮ ಶಕ್ತಿ ಮೀರಿದ ಶೋಧನೆಯನ್ನು ಬರಗೊಡುವುದಿಲ್ಲ. ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಲ್ಲಿಸಿ, ತಮ್ಮದೇ ಒಂದು ಲೆಕ್ಕ ಹಾಕುತ್ತಾರೆ: ಹಾಗಾದರೆ ಇದು ನನ್ನ ಶಕ್ತಿಯೊಳಗೇ ಇದೆ, ನಾನು ಇಲ್ಲಿದ್ದರೂ ಏನೂ ಆಗುವುದಿಲ್ಲ. ಆದರೆ ವಚನ ಅಲ್ಲಿ ಮುಗಿಯುವುದಿಲ್ಲ. ಶೋಧನೆಯ ಜೊತೆಗೇ ತಪ್ಪಿಸಿಕೊಳ್ಳುವ ದಾರಿಯನ್ನೂ ದೇವರು ಸಿದ್ಧಮಾಡುತ್ತಾನೆ, ಹಾಗೆ ನಾವು ಅದನ್ನು ಸಹಿಸಲು ಶಕ್ತರಾಗುತ್ತೇವೆ ಎಂದು ಈ ಪತ್ರ ಬರೆದ ಪೌಲ ಮುಂದುವರಿಸುತ್ತಾನೆ. ದಾರಿ ಇರುವುದು ನಡೆಯುವುದಕ್ಕೆ, ಅಲ್ವಾ? ಬೀಳುವ ಜಾಗದಲ್ಲೇ ಗಂಟೆಗಟ್ಟಲೆ ಕೂರುವ ಶಕ್ತಿಯನ್ನು ದೇವರು ಕೊಡುವುದಾಗಿದ್ದರೆ ದಾರಿ ಯಾಕೆ ಬೇಕಿತ್ತು? ಹಿಂದಿನ 12ನೇ ವಚನ ನೋಡಿ: ನಿಂತಿದ್ದೇನೆ ಎಂದುಕೊಳ್ಳುವವನು ಬೀಳದಂತೆ ಎಚ್ಚರವಾಗಿರಲಿ. ಮುಂದಿನ 14ನೇ ವಚನ ನೋಡಿ: ವಿಗ್ರಹಾರಾಧನೆಯಿಂದ ಓಡಿಹೋಗಿ. ಅದೇ ಪತ್ರದ 6:18ರಲ್ಲಿ ಜಾರತ್ವದಿಂದ ಓಡಿಹೋಗಿ. ಎರಡನೇ ತಿಮೊಥೆ 2:22ರಲ್ಲಿ ಯೌವನದ ಆಸೆಗಳಿಂದ ಓಡಿಹೋಗು. ಇಷ್ಟು ಸಲ ಹೇಳಿದ ಮೇಲೂ ನಾವು ಕುರ್ಚಿ ಎಳೆದುಕೊಂಡು ಕೂತರೆ ವಚನ ಕೆಲಸ ಮಾಡಲಿಲ್ಲ ಅಂತ ದೂರುವುದು ಸರಿಯಲ್ಲ.

"ಸೈತಾನನನ್ನು ಎದುರಿಸಿರಿ ಅಂತ ಯಾಕೋಬನ ಪತ್ರದಲ್ಲಿ ಇದೆಯಲ್ಲ?" ಈ ಪ್ರಶ್ನೆ ಯುವಕರಿಂದ ಜಾಸ್ತಿ ಬರುತ್ತದೆ, ಒಳ್ಳೆಯ ಪ್ರಶ್ನೆ. ಇದೆ, 4:7ರಲ್ಲಿ. ಆದರೆ ಅಲ್ಲೂ ಮೊದಲು ಬರುವ ಮಾತು ದೇವರಿಗೆ ಅಧೀನರಾಗಿರಿ ಎಂಬುದು. ಓಡು ಎಂದು ಹೇಳಿದ ದೇವರಿಗೆ ಅಧೀನನಾಗುವುದೆಂದರೆ ಓಡುವುದೇ. ನಾನು ಯುವಕರಿಗೆ ಹೀಗೆ ಹೇಳುತ್ತೇನೆ: ಸುಳ್ಳಿಗೆ ಎದುರು ನಿಲ್ಲು, ಜಾಗದಿಂದ ಓಡು. "ಇದೊಂದು ಸಲ, ಯಾರಿಗೂ ಗೊತ್ತಾಗುವುದಿಲ್ಲ" ಎನ್ನುವ ಮಾತಿಗೆ ವಚನದಿಂದ ಉತ್ತರ ಕೊಡು. ಉತ್ತರ ಕೊಡುತ್ತಲೇ ಚಪ್ಪಲಿ ಹಾಕಿಕೋ.

ಮತ್ತಾಯ 4ನೇ ಅಧ್ಯಾಯವನ್ನು, ಅರಣ್ಯದಲ್ಲಿ ಉಪವಾಸವಿದ್ದ ಯೇಸುವಿಗೆ ಸೈತಾನನಿಂದ ಶೋಧನೆ ಬಂದ ಕಥೆಯನ್ನು, ಈ ದೃಷ್ಟಿಯಿಂದ ಓದಿ. ಸೈತಾನನಿಗೆ ಬೈಬಲ್ ಬರುತ್ತಿತ್ತು. ಯೇಸುವನ್ನು ದೇವಾಲಯದ ತುದಿಯಲ್ಲಿ ನಿಲ್ಲಿಸಿ ಅವನು ಹೇಳಿದ್ದು 91ನೇ ಕೀರ್ತನೆಯ ಮಾತು: ದೇವದೂತರು ನಿನ್ನನ್ನು ಕೈಗಳಲ್ಲಿ ಎತ್ತಿಕೊಳ್ಳುವರು, ಆದ್ದರಿಂದ ಧುಮುಕು. ವಾಗ್ದಾನ ಸುಳ್ಳಲ್ಲ, ಅದನ್ನು ನೆಚ್ಚಿ ಬೇಕೆಂದೇ ಧುಮುಕುವುದು ತಪ್ಪು. ದೇವರನ್ನು ಪರೀಕ್ಷಿಸಬಾರದು ಎಂದು ಯೇಸು ಉತ್ತರ ಕೊಟ್ಟ. "ದೇವರು ಕಾಪಾಡುತ್ತಾನೆ, ನಾನು ಸುಮ್ನೆ ಫ್ರೆಂಡ್ಸ್ ಜೊತೆ ಕೂತು ಬರುತ್ತೇನೆ, ಕುಡಿಯುವುದಿಲ್ಲ" ಎನ್ನುವವರು ಆ ತುದಿಯಲ್ಲೇ ನಿಂತಿರುತ್ತಾರೆ. ಜೂನ್ ತಿಂಗಳ ಕಡಲಿಗೆ ಇಳಿದು ಮುಳುಗದ ಹಾಗೆ ಕಾಪಾಡು ಎಂದು ಬೇಡಿಕೊಂಡ ಹಾಗೆ ಇದು.

ಮಲ್ಪೆಯ ಒಬ್ಬರ ವಿಷಯ ಹೇಳುತ್ತೇನೆ. ಅವರ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬೋಟಿನಲ್ಲಿ ದುಡಿಯುವವರು. ಕಡಲಲ್ಲಿ ಎಷ್ಟು ದಿನ ಇದ್ದರೂ ಕುಡಿತದ ಯೋಚನೆಯೇ ಬರುವುದಿಲ್ಲ. ಬೆಳಗ್ಗೆ ಎದ್ದು ಒಂದು ಕೀರ್ತನೆ ಓದದೆ ಕೆಲಸಕ್ಕೆ ಕೈ ಹಾಕದ ಮನುಷ್ಯ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, 61 ದಿನ. ಬೋಟುಗಳೆಲ್ಲ ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ, ಹೊರಗೆ ಬಿಡದ ಮಳೆ, ಬಲೆ ರಿಪೇರಿ ಬಿಟ್ಟರೆ ಕೆಲಸವಿಲ್ಲ. ಪ್ರತಿ ವರ್ಷ ಆ ಎರಡು ತಿಂಗಳಲ್ಲೇ ಬೀಳುತ್ತಿದ್ದರು. ಮಳೆಗಾಲದಲ್ಲಿ ನನ್ನ ನಂಬಿಕೆ ಬಲಹೀನವಾಗುತ್ತದೆ ಪಾಸ್ಟ್ರೇ, ಅಂದರು.

ನಂಬಿಕೆಯ ವಿಷಯ ಆಮೇಲೆ ನೋಡೋಣ, ನೀವು ಎಷ್ಟು ಗಂಟೆಗೆ ಹೊರಡುತ್ತೀರಿ ಹೇಳಿ ಅಂದೆ. ಯೋಚಿಸಿ ಹೇಳಿದರು: ಸಂಜೆ ಐದೂವರೆ. ಹೆಂಡತಿ ಗೇರುಬೀಜದ ಕಾರ್ಖಾನೆಯಿಂದ ಇನ್ನೂ ಬಂದಿರುವುದಿಲ್ಲ. ಫೋನ್ ಬರುತ್ತದೆ, "ಬಾ ಮಾರಾಯ, ಇಲ್ಲೇ ಇದ್ದೇವೆ." ಬಾಗಿಲ ಪಕ್ಕದ ಮೊಳೆಯಲ್ಲಿ ಬೈಕಿನ ಕೀ. ಆ ಕೀಯನ್ನು ಕೈಗೆ ತೆಗೆದುಕೊಂಡು, ಅಲ್ಲೇ ಜಗಲಿಯಲ್ಲಿ ನಿಂತು "ಕರ್ತನೇ, ಬಲ ಕೊಡು" ಎಂದು ಪ್ರಾರ್ಥಿಸುತ್ತಿದ್ದರಂತೆ. ಪ್ರಾರ್ಥನೆ ಮುಗಿಸಿ ಬೈಕ್ ಹತ್ತುತ್ತಿದ್ದರು.

ಎರಡನೇ ಸಮುವೇಲ 11ನೇ ಅಧ್ಯಾಯವನ್ನು ಇಬ್ಬರೂ ಕೂತು ಓದಿದೆವು. ರಾಜರು ಯುದ್ಧಕ್ಕೆ ಹೊರಡುವ ಕಾಲ. ದಾವೀದ ತನ್ನ ಜನರನ್ನು ಕಳಿಸಿ ತಾನು ಯೆರೂಸಲೇಮಿನಲ್ಲೇ ಉಳಿದ. ಸಂಜೆ ಹಾಸಿಗೆಯಿಂದ ಎದ್ದು ಮಾಳಿಗೆಯ ಮೇಲೆ ಅಡ್ಡಾಡಿದ. ಅಲ್ಲಿಂದ ಕಂಡ, ಬೇರೊಬ್ಬನ ಹೆಂಡತಿಯಾದ ಬತ್ಷೆಬೆಯ ಜೊತೆ ಪಾಪ ಮಾಡಿದ. ಆದರೆ ಅವಳನ್ನು ನೋಡುವ ಮೊದಲೇ ಅರ್ಧ ಕಥೆ ಆಗಿಹೋಗಿತ್ತು. ಅವರು ಪುಸ್ತಕದಿಂದ ತಲೆ ಎತ್ತಿ, "ಇವನಿಗೂ ರಜೆ ಇತ್ತಾ?" ಎಂದು ಕೇಳಿದರು. ನನಗೆ ತುಂಬಾ ಖುಷಿಯಾಯಿತು, ಯಾಕೆಂದರೆ ವಚನ ಅವರ ಜಗಲಿಗೆ ಬಂದು ತಲುಪಿದ್ದು ಆಗ.

ಆಮೇಲೆ ಮಾಡಿದ್ದು ಸಣ್ಣ ಸಣ್ಣ ಕೆಲಸ. ನಾಲ್ಕು ಗಂಟೆಗೆ ಬೈಕಿನ ಕೀ ತಾಯಿಯ ಕೈಗೆ. ಫೋನ್ ಮಾಡುವ ಗೆಳೆಯರಿಗೆ ಇವರೇ ಹಗಲಿನಲ್ಲಿ, ಮನಸ್ಸು ಗಟ್ಟಿಯಿರುವಾಗ, ಸಂಜೆ ಕರೆಯಬೇಡಿ ಎಂದು ಹೇಳಿದ್ದು. ಐದು ಗಂಟೆಗೆ ಚರ್ಚಿನ ಸಭೆಯ ಹಿರಿಯರೊಬ್ಬರ ಮನೆಗೆ ನಡೆದು ಹೋಗಿ ಅವರ ಜೊತೆ ಒಂದು ಅಧ್ಯಾಯ ಓದುವುದು. ಜೂನ್ ಪೂರ್ತಿ ಕುಡಿಯಲಿಲ್ಲ. ಜುಲೈಯಲ್ಲಿ ಒಮ್ಮೆ ಬಿದ್ದರು. ಆದರೆ ಮರುದಿನ ಬೆಳಗ್ಗೆಯೇ ಬಂದು ಹೇಳಿದರು, ಮೊದಲಿನ ಹಾಗೆ ಮೂರು ಭಾನುವಾರ ಮುಖ ತಪ್ಪಿಸಲಿಲ್ಲ.

ಹಾಗಾದರೆ ವಚನಕ್ಕೆ ಏನು ಕೆಲಸ ಎಂದು ಕೇಳಬಹುದು. ತುಂಬಾ ಇದೆ. ಆದರೆ ಅದು ಐದೂವರೆಗೆ ಶುರುವಾಗುವ ಕೆಲಸವಲ್ಲ. ಅರಣ್ಯದಲ್ಲಿ ಯೇಸು ಕೊಟ್ಟ ಮೂರೂ ಉತ್ತರಗಳು ಧರ್ಮೋಪದೇಶಕಾಂಡದ 6 ಮತ್ತು 8ನೇ ಅಧ್ಯಾಯದವು. ಆ 6ನೇ ಅಧ್ಯಾಯದಲ್ಲೇ ಇದೆ: ಈ ಮಾತುಗಳನ್ನು ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಬೇಕು. ಹಸಿವಾದ ಮೇಲೆ ಹುಡುಕಿ ತೆಗೆದ ವಚನಗಳಲ್ಲ ಅವು. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ ಕೆಟ್ಟ ಯೋಚನೆಗಳನ್ನು ಎಂಟು ಬಗೆ ಮಾಡಿ, ಒಂದೊಂದಕ್ಕೂ ಉತ್ತರವಾಗುವ ವಚನಗಳನ್ನು ಮೊದಲೇ ಆರಿಸಿಟ್ಟಿದ್ದ. ನಿಮಗೆ ಎಂಟೂ ಬೇಡ. ನೀವು ಎಲ್ಲಿ ಬೀಳುತ್ತೀರಿ ಎಂದು ನಿಮಗೆ ಗೊತ್ತು. ಅದಕ್ಕೆ ಸರಿಯಾದ ಎರಡು ವಚನ ಸಾಕು, ಬಸ್ಸಿನಲ್ಲಿ ಹೋಗುವಾಗ ಹೇಳಿಕೊಳ್ಳಿ. ದುಡ್ಡಿನ ಆಸೆ ಕಾಡುವವರು ಇಬ್ರಿಯ 13:5 ಕಲಿಯಲಿ. ಆನ್‌ಲೈನ್ ಬೆಟ್ಟಿಂಗ್‌ಗೆ ಸಿಕ್ಕಿಬಿದ್ದ ಹುಡುಗರಿಗೆ ನಾನು ಮೊದಲು ಕೊಡುವುದು ಇದನ್ನೇ, ಆ್ಯಪ್ ಅಳಿಸಿದ ಮೇಲೆ.

ಓಡಿದ ಕೂಡಲೇ ಎಲ್ಲ ಸರಿಯಾಗುತ್ತದೆ ಎಂದು ನಾನು ಹೇಳುವುದಿಲ್ಲ. ಯೋಸೇಫ ತನ್ನನ್ನು ಪಾಪಕ್ಕೆ ಕರೆದ, ಯಜಮಾನ ಪೋಟೀಫರನ ಹೆಂಡತಿಯ ಕೈಯಲ್ಲಿ ತನ್ನ ಬಟ್ಟೆ ಬಿಟ್ಟು ಓಡಿದ, ಸಿಕ್ಕಿದ್ದು ಸೆರೆಮನೆ. ಕುಡಿಯದೆ ಎದ್ದು ಬಂದವನ ಗೆಳೆತನ ತಪ್ಪಬಹುದು, ಲಂಚ ಮುಟ್ಟದವನ ಕೆಲಸಕ್ಕೇ ಕುತ್ತು ಬರಬಹುದು. ಆಗ ಅವನ ಕೈ ಹಿಡಿಯಬೇಕಾದದ್ದು ಸಭೆ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್‌ನವರ ಎಷ್ಟೋ ವಿಷಯಗಳ ಬಗ್ಗೆ ಬೇರೆ ಬೇರೆ ಅಭಿಪ್ರಾಯ ಇರಬಹುದು. ಆದರೆ ಹಳೆಯ ಕಸುಬು, ಹಳೆಯ ಆಸರೆ ಬಿಟ್ಟು ಬಂದವರಿಗೆ ಅವರು ಬರೀ ಉಪದೇಶ ಕೊಟ್ಟು ಕಳಿಸಲಿಲ್ಲ. ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಮಾಡಿದರು. ನಮ್ಮ ಸಭೆಗಳು ಇದನ್ನು ನೆನಪಿಡಬೇಕು. ಸಂಜೆ ಐದು ಗಂಟೆಗೆ ಒಬ್ಬನನ್ನು ಮನೆಗೆ ಕರೆದು ಚಹಾ ಕೊಡುವ ಹಿರಿಯರು ಪ್ರತಿ ಸಭೆಗೂ ಬೇಕು.

ಕೊನೆಗೆ ಒಂದು ಎಚ್ಚರಿಕೆ. ಇದನ್ನು ಹೇಳದೆ ಈ ಬರಹ ಮುಗಿಸುವ ಹಾಗಿಲ್ಲ. ತುಂಬಾ ವರ್ಷಗಳಿಂದ ದಿನಾ ಕುಡಿಯುವವರು, ಬೆಳಗ್ಗೆ ಕೈ ನಡುಗುವವರು, ಪ್ರಾರ್ಥನಾಕೂಟದಲ್ಲಿ ತೀರ್ಮಾನ ಮಾಡಿ ಆ ರಾತ್ರಿಯೇ ಪೂರ್ತಿ ನಿಲ್ಲಿಸಬೇಡಿ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮೆಯಾಗಬಹುದು, ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಹತ್ತಿರ ಹೋಗಿ, ಅವರು ಹೇಳಿದ ಹಾಗೆ ನಿಲ್ಲಿಸಿ. ಅದು ನಂಬಿಕೆಯ ಕೊರತೆಯಲ್ಲ, ದೇವರು ಸಿದ್ಧಮಾಡಿದ ದಾರಿಗಳಲ್ಲಿ ಆಸ್ಪತ್ರೆಯೂ ಒಂದು. ಜೂಜಿನ ಸಾಲದಿಂದಲೋ ನಾಚಿಕೆಯಿಂದಲೋ ಬದುಕೇ ಬೇಡ ಅನಿಸುತ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಒಬ್ಬರೇ ಮಾಡಲು ಮುಜುಗರವಾದರೆ ನಿಮ್ಮ ಸಭಾಪಾಲಕರ ಕೋಣೆಯಲ್ಲಿ ಕೂತು ಮಾಡಿ. ಅವರು ಅಷ್ಟು ಹೊತ್ತು ಹೊರಗೆ ನಿಲ್ಲುತ್ತಾರೆ.