ಮಗನಿಗೆ ‘ರನ್ನ’ ಎಂದು ಹೆಸರಿಡಬಹುದೇ?

ಪ್ರಶ್ನೆ: ನಮಗೆ ಗಂಡು ಮಗು ಹುಟ್ಟಿದೆ. ‘ರನ್ನ’ ಎಂದು ಹೆಸರಿಡಬೇಕೆಂಬ ಆಸೆ. ಆದರೆ ಮನೆಯ ಹಿರಿಯರು, ಅದು ‘ರತ್ನ’ ಎಂಬುದರ ಕೆಟ್ಟ ರೂಪ, ಮೇಲಾಗಿ ಹುಡುಗಿಯ ಹೆಸರಿನಂತಿದೆ ಎನ್ನುತ್ತಿದ್ದಾರೆ. ಈ ಹೆಸರಿನ ಮೂಲವೇನು, ಅರ್ಥವೇನು? ಇಷ್ಟು ದೊಡ್ಡ ಕವಿಯ ಹೆಸರನ್ನು ಈಗ ಯಾರೂ ಏಕೆ ಇಡುವುದಿಲ್ಲ?

ಉತ್ತರ: ಧಾರಾಳವಾಗಿ ಇಡಿ. ಹಿರಿಯರ ಎರಡು ಆಕ್ಷೇಪಗಳಿಗೂ ಕನ್ನಡ ವ್ಯಾಕರಣದಲ್ಲೇ ಸಮಾಧಾನವಿದೆ.

ಅರ್ಥದಲ್ಲಿ ಗೊಂದಲವೇನೂ ಇಲ್ಲ. ರನ್ನ ಎಂದರೆ ರತ್ನ, ಬೆಲೆಬಾಳುವ ಹರಳು. ಸಂಸ್ಕೃತದ ‘ರತ್ನ’ ಕನ್ನಡಿಗರ ನಾಲಿಗೆಯ ಮೇಲೆ ಹೊರಳಿ ‘ರನ್ನ’ವಾಯಿತು. ಇಂಥ ಪದಗಳನ್ನು ನಾವು ತದ್ಭವ ಎನ್ನುತ್ತೇವೆ. ಈ ಹೊರಳುವಿಕೆ ಮನಬಂದಂತೆ ಆದದ್ದಲ್ಲ. ‘ತ’ ಮತ್ತು ‘ನ’ ಎರಡನ್ನೂ ಹೇಳುವಾಗ ನಾಲಿಗೆಯ ತುದಿ ತಾಗುವುದು ಒಂದೇ ಕಡೆ. ‘ತ’ದಲ್ಲಿ ಉಸಿರು ತಡೆದು ನಿಲ್ಲುತ್ತದೆ, ‘ನ’ದಲ್ಲಿ ಮೂಗಿನಿಂದ ಹೊರಡುತ್ತದೆ. ಎರಡೂ ಒತ್ತಾಗಿ ಬಂದಾಗ ಮೊದಲನೆಯದು ಎರಡನೆಯದರ ಗುಣವನ್ನೇ ಹೊತ್ತು ‘ನ್ನ’ ಆಗಿಬಿಡುತ್ತದೆ. ವರ್ಣ ಬಣ್ಣವಾದದ್ದು, ಚೂರ್ಣ ಸುಣ್ಣವಾದದ್ದು ಇದೇ ಜಾಡಿನಲ್ಲಿ. ‘ಬಣ್ಣ’ವನ್ನು ವರ್ಣದ ಕೆಟ್ಟ ರೂಪ ಎಂದು ಯಾರಾದರೂ ಹಳಿಯುತ್ತಾರೆಯೇ? ಬಣ್ಣಕ್ಕಿಲ್ಲದ ಕಳಂಕ ರನ್ನಕ್ಕೆ ಏಕೆ?

ಹಿರಿಯರ ಮನಸ್ಸಿನಲ್ಲಿರುವ ಅಳುಕಿಗೆ ಒಂದು ಹಳೆಯ ಬೇರು ಇರಬಹುದು. 13ನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಪದಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಅದನ್ನು ಅಪಭ್ರಂಶ ಪ್ರಕರಣ ಎಂದು ಕರೆದ. ಅಪಭ್ರಂಶ ಎಂದರೆ ಕೆಳಗೆ ಬಿದ್ದದ್ದು, ಜಾರಿದ್ದು. ಹೆಸರು ಹಾಗಿದ್ದರೂ ಅವನು ಅಲ್ಲಿ ಮಾಡಿದ್ದು ಈ ಪದಗಳು ರೂಪ ತಳೆಯುವ ನಿಯಮಗಳನ್ನು ಒಂದೊಂದಾಗಿ ಬಿಡಿಸಿಟ್ಟ ಕೆಲಸ. ನಿಯಮವಿರುವುದನ್ನು ತಪ್ಪು ಎನ್ನಲಾಗದು. ಅಚ್ಚಗನ್ನಡ ಪದಗಳು ‘ರ’ಕಾರದಿಂದ ಆರಂಭವಾಗುವುದು ತೀರ ವಿರಳ. ಹಾಗಾಗಿ ‘ರನ್ನ’ ಹೊರಗಿನಿಂದ ಬಂದದ್ದೆಂಬುದು ಅದರ ಮೊದಲ ಅಕ್ಷರದಲ್ಲೇ ಕಾಣುತ್ತದೆ. ಬಂದ ಮೇಲೆ ಅದು ಪೂರ್ತಿ ನಮ್ಮದಾಯಿತು. ತಾಯಂದಿರು ‘ನನ್ನ ಚಿನ್ನ, ನನ್ನ ರನ್ನ’ ಎಂದೇ ಮಗುವನ್ನು ಮುದ್ದಿಸುತ್ತಾರೆ. ಆ ಜಾಗದಲ್ಲಿ ‘ರತ್ನ’ ಎಂದು ಹಾಕಿ ಒಮ್ಮೆ ಹೇಳಿ ನೋಡಿ, ಮುದ್ದು ಅರ್ಧಕ್ಕೆ ನಿಂತಂತಾಗುತ್ತದೆ.

ಇನ್ನು ಹೆಣ್ಣಿನ ಹೆಸರೆಂಬ ಆಕ್ಷೇಪ. ಇದು ನನಗೆ ಬಹಳ ಇಷ್ಟವಾದ ಭಾಗ. ಸಂಸ್ಕೃತದಲ್ಲಿ ರತ್ನ ನಪುಂಸಕಲಿಂಗದ ಪದ. ಕನ್ನಡದಲ್ಲೂ ಹರಳಿನ ಅರ್ಥದಲ್ಲಿ ಅದು ವಸ್ತುವೇ: ರನ್ನವನ್ನು, ರನ್ನಕ್ಕೆ, ರನ್ನದ. ಆದರೆ ಅದೇ ಪದ ಒಬ್ಬ ಹುಡುಗನ ಹೆಸರಾದ ಕೂಡಲೇ ವಿಭಕ್ತಿಗಳೆಲ್ಲ ಬದಲಾಗುತ್ತವೆ: ರನ್ನನನ್ನು, ರನ್ನನಿಗೆ, ರನ್ನನ. ‘ರನ್ನದ ಉಂಗುರ’ ಎಂದರೆ ಹರಳು ಕೂರಿಸಿದ ಉಂಗುರ, ‘ರನ್ನನ ಉಂಗುರ’ ಎಂದರೆ ನಿಮ್ಮ ಮಗನ ಬೆರಳಿನದು. ಪದದ ಒಂದು ಅಕ್ಷರವನ್ನೂ ಮುಟ್ಟದೆ, ಬರಿಯ ಪ್ರತ್ಯಯದಿಂದ ವಸ್ತುವನ್ನು ಗಂಡಾಗಿಸುವುದು ಕನ್ನಡದ ಬೆಡಗು. ಮೇಲಾಗಿ ಅಕಾರಾಂತ ಹೆಸರು ನಮ್ಮಲ್ಲಿ ಸಹಜವಾಗಿ ಗಂಡಿನದು. ಪಂಪ, ಪೊನ್ನ, ಜನ್ನ, ಬಸವ ಎಲ್ಲವೂ ಹಾಗೆಯೇ ಮುಗಿಯುತ್ತವೆ. ‘ರತ್ನ’ ಎಂದರೆ ಹುಡುಗಿ ಎಂಬ ಅಭ್ಯಾಸ ನಮಗಾಗಿರುವುದು ರತ್ನಾ, ರತ್ನಮ್ಮ ಎಂಬ ಹೆಸರುಗಳು ಮನೆಮನೆಯಲ್ಲಿ ಬಳಕೆಯಾದದ್ದರಿಂದ. ಅದು ಆ ರೂಪದ ಚರಿತ್ರೆ. ರನ್ನ ಎಂಬ ರೂಪ ಸಾವಿರ ವರ್ಷಗಳಿಂದ ಒಬ್ಬ ಗಂಡಸಿನೊಂದಿಗೆ ಅಂಟಿಕೊಂಡಿದೆ.

ಆ ಗಂಡಸಿನ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಹೆಸರಿನ ತೂಕವೆಲ್ಲ ಇರುವುದು ಅವನಲ್ಲಿ. ರನ್ನ ಹುಟ್ಟಿದ್ದು 949ರಲ್ಲಿ, ಮುದುವೊಳಲಿನಲ್ಲಿ. ಅದೇ ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳ. ಹತ್ತಿರದ ಬೆಳಗಲಿ ಇವತ್ತಿಗೂ ಅವನ ಹೆಸರನ್ನು ಹೊತ್ತು ರನ್ನ ಬೆಳಗಲಿ ಎನಿಸಿಕೊಂಡಿದೆ. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಮನೆತನದ ಕಸುಬು ಬಳೆ ವ್ಯಾಪಾರ. ಅರಮನೆಯ ನಂಟಾಗಲಿ ಪಂಡಿತರ ಮನೆತನವಾಗಲಿ ಬೆನ್ನಿಗಿರಲಿಲ್ಲ. ಆ ಬಳೆಗಾರರ ಮನೆಯ ಹುಡುಗ ವಿದ್ಯೆಯನ್ನು ಅರಸಿ ದೂರ ನಡೆದ. ಅಜಿತಸೇನಾಚಾರ್ಯರು ಗುರುಗಳಾದರು, ಶ್ರವಣಬೆಳಗೊಳದ ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯ ಆಶ್ರಯ ಕೊಟ್ಟ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ‘ಕವಿರತ್ನ’ ಎಂಬ ಅಕ್ಷರಗಳಿವೆ. ಅವು ರನ್ನನವೇ ಎಂದು ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ. ಮುಂದೆ ಚಾಲುಕ್ಯ ಚಕ್ರವರ್ತಿ ತೈಲಪ ಅವನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದನ್ನು ಕೊಟ್ಟ. 993ರಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಆಶ್ರಯದಲ್ಲಿ ‘ಅಜಿತಪುರಾಣ’ವನ್ನು ಮುಗಿಸಿದ. ಕನ್ನಡಿಗರು ಹೆಚ್ಚು ನೆನೆಯುವ ‘ಗದಾಯುದ್ಧ’ವೂ ಅವನದೇ. ದುರ್ಯೋಧನನ ಸೋಲನ್ನು ಓದಿ ನಮ್ಮ ಕಣ್ಣು ಒದ್ದೆಯಾಗುವಂತೆ ಮಾಡಿದ ಕಾವ್ಯವದು.

ತನ್ನ ಹೆಸರಿನ ಅರ್ಥವನ್ನು ರನ್ನ ಮರೆತವನಲ್ಲ. ಪಂಪ, ಪೊನ್ನ ಮತ್ತು ತಾನು ಸೇರಿ ಮೂವರನ್ನು ರತ್ನತ್ರಯ ಎಂದು ಕರೆದುಕೊಂಡ. ಜೈನರಿಗೆ ರತ್ನತ್ರಯ ಎಂದರೆ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರ. ಆ ಪವಿತ್ರ ಪದವನ್ನು ಕವಿಗಳಿಗೆ ಹೊಂದಿಸಲು ಅವನಿಗಿದ್ದ ಧೈರ್ಯವನ್ನು ಗಮನಿಸಿ. ಇನ್ನೊಂದು ಪದ್ಯದಲ್ಲಿ ಅವನು ಸವಾಲನ್ನೇ ಎಸೆಯುತ್ತಾನೆ: ಆದಿಶೇಷನ ಹೆಡೆಯ ಮೇಲಿನ ರತ್ನವನ್ನೂ ರನ್ನನ ಕೃತಿರತ್ನವನ್ನೂ ಪರೀಕ್ಷಿಸಲು ಹೊರಡುವವನಿಗೆ ‘ಎಂಟೆರ್ದೆಯೇ?’ ಅಂದರೆ, ಎಂಟು ಎದೆಗಳಿವೆಯೇ ಎಂದು. ಹರಳಿಗೆ ‘ರತ್ನ’, ತನಗೆ ‘ರನ್ನ’. ಎರಡೂ ರೂಪಗಳು ಒಂದೇ ಪದ್ಯದಲ್ಲಿ ಅಕ್ಕಪಕ್ಕ ಕುಳಿತಿವೆ. ತದ್ಭವ ಕೀಳೆಂದು ತೋರಿದ್ದರೆ ಇಷ್ಟು ಸೊಕ್ಕಿನ ಪದ್ಯದಲ್ಲಿ ಅವನು ಅದನ್ನು ಹೀಗೆ ಮೆರೆಸುತ್ತಿರಲಿಲ್ಲ.

ಹಾಗಾದರೆ ಹೆಸರು ಏಕೆ ಅಪರೂಪವಾಯಿತು? ಮಕ್ಕಳ ಹೆಸರುಗಳನ್ನು ಎಣಿಸಿ ವರ್ಷವರ್ಷವೂ ಪಟ್ಟಿ ಹೊರಡಿಸುವ ಪದ್ಧತಿ ನಮ್ಮಲ್ಲಿಲ್ಲ, ಆದ್ದರಿಂದ ಅಂಕಿಗಳಲ್ಲಿ ಹೇಳಲಾಗದು. ಆದರೆ ಶಾಲೆಯ ಹಾಜರಿ ಪುಸ್ತಕ ನೋಡಿದ ಯಾರಿಗಾದರೂ ತಿಳಿಯುತ್ತದೆ, ನಾವು ತದ್ಭವ ಹೆಸರುಗಳಿಂದ ದೂರ ಸರಿದು ಬಹಳ ಕಾಲವಾಯಿತು. ರನ್ನನ ಹೆಂಡತಿಯರಲ್ಲಿ ಒಬ್ಬಳ ಹೆಸರು ಜಕ್ಕಿ, ಅದು ಯಕ್ಷಿಯ ಕನ್ನಡ ರೂಪ. ಲಕ್ಷ್ಮಿ ಲಕ್ಕಮ್ಮನಾಗಿದ್ದಳು, ಬ್ರಹ್ಮ ಬೊಮ್ಮಯ್ಯನಾಗಿದ್ದ. ಬರಬರುತ್ತಾ ಸಂಸ್ಕೃತ ರೂಪವೇ ಸುಸಂಸ್ಕೃತ, ಕನ್ನಡದ ಬಾಯಲ್ಲಿ ತಿದ್ದಿಕೊಂಡ ರೂಪ ಹಳ್ಳಿಯದು ಎಂಬ ನಾಚಿಕೆ ಒಳಹೊಕ್ಕಿತು. ಇದು ನನ್ನ ಅಭಿಪ್ರಾಯ, ಗಟ್ಟಿಯಾಗಿಯೇ ಹೇಳುತ್ತೇನೆ: ಆ ನಾಚಿಕೆಗೆ ಯಾವ ಆಧಾರವೂ ಇಲ್ಲ. ವೃಷಭದಿಂದ ಬಂದ ‘ಬಸವ’ ಮಾತ್ರ ಬಸವಣ್ಣನವರ ಬಲದಿಂದ ಎಂದೂ ಬಾಡಲಿಲ್ಲ. ಶ್ರೀಯ ತದ್ಭವವಾದ ‘ಸಿರಿ’ಯನ್ನು ಈಚೆಗೆ ಎಷ್ಟೋ ತಂದೆತಾಯಂದಿರು ಹೆಣ್ಣುಮಕ್ಕಳಿಗೆ ಪ್ರೀತಿಯಿಂದ ಇಡುತ್ತಿದ್ದಾರೆ. ಸಿರಿ ಮರಳಿ ಬಂದ ದಾರಿಯಲ್ಲಿ ರನ್ನನೂ ಬರಬಹುದು.

ಇನ್ನೊಂದು ಕಾರಣವೂ ಇದೆ. ಪಠ್ಯಪುಸ್ತಕದಲ್ಲಿ ಮಾತ್ರ ಕಾಣುವ ಹೆಸರು ಮೆಲ್ಲಗೆ ಹೆಸರಾಗಿರುವುದನ್ನೇ ಬಿಟ್ಟು ಪಾಠವಾಗಿಬಿಡುತ್ತದೆ. ಮಗುವನ್ನು ಹಾಗೆ ಕರೆಯಬಹುದೆಂದು ಹೊಳೆಯುವುದೇ ಇಲ್ಲ.

ಬರವಣಿಗೆಯಲ್ಲಿ ಎರಡು ಎಚ್ಚರಿಕೆ. ಜನನ ಪ್ರಮಾಣಪತ್ರದಲ್ಲಿ ‘ನ’ಕ್ಕೆ ‘ನ’ ಒತ್ತೇ ಇರಲಿ. ‘ಅಣ್ಣ’ನ ಗುಂಗಿನಲ್ಲಿ ಯಾರಾದರೂ ‘ರಣ್ಣ’ ಎಂದು ಬರೆದುಬಿಟ್ಟರೆ ಅರ್ಥವೇ ಹೊರಟುಹೋಗುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆಸುವಾಗ ‘ಎನ್’ ಎರಡು ಬಾರಿ ಬರಲೇಬೇಕು. ಒಂದೇ ಇದ್ದರೆ ಹೊರನಾಡಿನವರು ‘ರಾಣಾ’ ಎಂದು ಓದುತ್ತಾರೆ, ಅದು ಬೇರೆಯೇ ಹೆಸರು.

ಕವಿಯ ಹೆಸರನ್ನು ಮಗುವಿಗೆ ಇಡುವುದು ಅತಿಯಾಗದೇ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ರನ್ನ ತನ್ನ ಮಕ್ಕಳಿಗೆ ಹೆಸರಿಟ್ಟ ಬಗೆಯನ್ನು ಹೇಳಿ. ಆಶ್ರಯ ಕೊಟ್ಟ ಚಾವುಂಡರಾಯನನ್ನು ನೆನೆದು ಮಗನನ್ನು ‘ರಾಯ’ ಎಂದು ಕರೆದ. ಕಾವ್ಯ ಬರೆಸಿದ ಮಹಾತಾಯಿಯ ಹೆಸರನ್ನು ಹಾಗೆಯೇ ಎತ್ತಿ ಮಗಳಿಗೆ ಇಟ್ಟ: ಅತ್ತಿಮಬ್ಬೆ.